ಹಿಡಿದಷ್ಟೂ ಓಡುವ ಕುದುರೆ: ಕೆಂಚನ ಪ್ರಕರಣ

ರೇಸ್ ಬಿಟ್ಟ ಕುದುರೆಯನ್ನು ಮನೆಗೆ ತರಬಹುದಾ ಅಂತ ನನ್ನನ್ನು ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಮೈಸೂರು, ಮಂಡ್ಯ, ರಾಮನಗರದ ಕಡೆ ತೋಟ ಇರುವವರು, ಮಕ್ಕಳಿಗೆ ಸವಾರಿ ಕಲಿಸಿದವರು. ಕುದುರೆ ಕಡಿಮೆ ಬೆಲೆಗೆ ಸಿಗುತ್ತದೆ. ಒಳ್ಳೆ ಮನೆ ಸಿಕ್ಕರೆ ಸಾಕು ಅಂತ ಸುಮ್ನೆ ಕೊಡುವ ಮಾಲೀಕರೂ ಇದ್ದಾರೆ. ಹಾಗೆ ಬಂದ ಒಂದು ಕುದುರೆಯ ಪ್ರಕರಣವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಮನೆಯವರು ಒಪ್ಪಿದ್ದಾರೆ, ತಮ್ಮ ಹೆಸರು ಮಾತ್ರ ಬೇಡ ಅಂದಿದ್ದಾರೆ. ಕುದುರೆಯ ರೇಸ್ ಹೆಸರೂ ಇಲ್ಲಿ ಬೇಡ. ಕೆಂಪು ಮೈ, ಕೆಂಪು ಜೂಲು. ಮನೆಯಲ್ಲಿ ಎಲ್ಲರೂ ಕೆಂಚ ಅಂತಲೇ ಕರೆಯುತ್ತಾರೆ.

ಕೆಂಚ ಥರೋಬ್ರೆಡ್ ಗೆಲ್ಡಿಂಗ್, ಅಂದರೆ ರೇಸಿನ ತಳಿಯ, ಬೀಜ ತೆಗೆಸಿದ ಗಂಡು ಕುದುರೆ. ವಯಸ್ಸು ಏಳು. ಎಡ ಮುಂಗಾಲಿನ ಟೆಂಡನ್‌ಗೆ (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ) ಪೆಟ್ಟಾಗಿ ರೇಸ್ ನಿಂತಿತ್ತು. ಆಮೇಲೆ ಒಬ್ಬರು ಸವಾರಿಗೆ ಅಂತ ತೆಗೆದುಕೊಂಡು ಹೋಗಿ, ಕೆಲವೇ ತಿಂಗಳಲ್ಲಿ ವಾಪಸ್ ಕೊಟ್ಟಿದ್ದರು. ಅವರು ಹೇಳಿದ ದೂರು ಮೂರು. ಒಂದು, ಬಾಯಿ ಗಟ್ಟಿ, ಲಗಾಮು ಹಿಡಿದಷ್ಟೂ ಓಡುತ್ತದೆ. ಎರಡು, ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ಮೂರು, ಹತ್ತುವಾಗ ನಿಲ್ಲುವುದೇ ಇಲ್ಲ. ಒಟ್ಟಿನಲ್ಲಿ ಕೆಟ್ಟ ಬುದ್ಧಿಯ ಕುದುರೆ ಅಂತ ಹೆಸರು ಬಂದಿತ್ತು.

ತೆಗೆದುಕೊಳ್ಳಲು ಮುಂದೆ ಬಂದದ್ದು ಪಾಂಡವಪುರ ತಾಲ್ಲೂಕಿನ ಒಂದು ರೈತ ಮನೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಜಮೀನು, ಭತ್ತ, ಕಬ್ಬು, ಒಂದಷ್ಟು ತೆಂಗು, ನಾಲ್ಕು ಹಸು. ಮಗಳು ಮೈಸೂರಿನಲ್ಲಿ ಓದುತ್ತಾ ಸವಾರಿ ಕಲಿತಿದ್ದಳು. ಮನೆಯ ಪಕ್ಕದಲ್ಲೇ ಇರುವ ಹಿರಿಯರೊಬ್ಬರು ಮೈಸೂರಿನಲ್ಲಿ ಬಹಳ ವರ್ಷ ಟಾಂಗಾ ಹೊಡೆದವರು. ಊರೆಲ್ಲ ಅವರನ್ನು ಚಾಚಾ ಅನ್ನುತ್ತದೆ. ಅವರಿಲ್ಲದಿದ್ದರೆ ನಾನು ಈ ಕುದುರೆಗೆ ಬೇಡ ಅಂದುಬಿಡುತ್ತಿದ್ದೆ. ದಿನಾ ಬೆಳಿಗ್ಗೆ ಕುದುರೆ ನೋಡಿ ಇವತ್ತು ಇದಕ್ಕೆ ಹುಷಾರಿಲ್ಲ ಅಂತ ಹೇಳಬಲ್ಲ ಕಣ್ಣು ಮನೆಯಲ್ಲಿ ಒಂದಾದರೂ ಇರಬೇಕು.

ತರುವ ಮುಂಚೆ

ಹುಡುಗಿ ನನ್ನನ್ನು ಕರೆದುಕೊಂಡು ಹೋಗಿ ಕುದುರೆ ತೋರಿಸಿದಳು. ಮೊದಲು ಕೇಳಿದ್ದು ಪಾಸ್‌ಪೋರ್ಟ್. ರೇಸಿನ ಪ್ರತಿ ಕುದುರೆಗೂ ಪುಣೆಯ ಸ್ಟಡ್ ಬುಕ್ (ತಳಿ ದಾಖಲೆ) ಪ್ರಾಧಿಕಾರದಲ್ಲಿ ದಾಖಲೆ ಇರುತ್ತದೆ. ಅದರಲ್ಲಿ ಹಣೆಯ ಬಿಳಿ, ಕಾಲಿನ ಬಿಳಿಯ ಜೊತೆಗೆ ಮೈಮೇಲಿನ ಸುಳಿಗಳನ್ನೂ ಗುರುತು ಮಾಡಿರುತ್ತಾರೆ. ಹುಡುಗಿಯ ಅಜ್ಜಿ ಫೋನಿನಲ್ಲಿ ಮೊದಲು ಕೇಳಿದ್ದೂ ಅದನ್ನೇ, "ಸುಳಿ ನೋಡಿದ್ಯೇನವ್ವಾ?" ಅಜ್ಜಿ ನೋಡುವುದು ಶುಭ ಅಶುಭಕ್ಕೆ, ನಾವು ನೋಡಿದ್ದು ಇದು ಅದೇ ಕುದುರೆ ಹೌದೋ ಅಲ್ಲವೋ ಅಂತ. ಕತ್ತಿನ ಸುಳಿ, ಹಣೆಯ ಸುಳಿ ಎಲ್ಲ ಚಿತ್ರಕ್ಕೆ ಸರಿಹೊಂದಿದವು.

ಆಮೇಲೆ ರಕ್ತ ಪರೀಕ್ಷೆ. ಗ್ಲ್ಯಾಂಡರ್ಸ್ ಇಲ್ಲ ಅಂತ ವರದಿ ಬರುವ ತನಕ ಗಾಡಿ ಹತ್ತಿಸುವುದು ಬೇಡ ಅಂದೆ. ಇದು ಕುದುರೆ, ಹೇಸರಗತ್ತೆ, ಕತ್ತೆಗೆ ಬರುವ ರೋಗ, ಮನುಷ್ಯರಿಗೂ ಅಂಟುತ್ತದೆ. ಕಂಡುಬಂದರೆ ಸರ್ಕಾರಕ್ಕೆ ತಿಳಿಸಲೇಬೇಕು. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗೇ ಅಂತ ಇರುವ ರಾಷ್ಟ್ರೀಯ ಸಂಶೋಧನಾ ಕೇಂದ್ರ ಈ ಪರೀಕ್ಷೆ ಮಾಡುತ್ತದೆ. ಧನುರ್ವಾಯು ಲಸಿಕೆ ಹಾಕಿಸಿದ್ದು ದಾಖಲೆಯಲ್ಲಿತ್ತು. ಕಾಲಿನ ಸ್ಕ್ಯಾನ್ ಮಾಡಿಸಿದೆವು. ಟೆಂಡನ್ ಕೂಡಿಕೊಂಡಿತ್ತು, ಆದರೆ ಗಾಯದ ಗುರುತು ಉಳಿದಿತ್ತು. ವೈದ್ಯರು ನೇರವಾಗಿ ಹೇಳಿದರು: ನಡಿಗೆ, ಟ್ರಾಟ್ (ಕುಲುಕು ಓಟ), ಹದವಾದ ಕ್ಯಾಂಟರ್ (ಅದಕ್ಕಿಂತ ಸ್ವಲ್ಪ ಜೋರಾದ ಓಟ) ಮಾಡಬಹುದು. ಜಿಗಿತ, ಜೋರು ಓಟ ಈ ಕಾಲಿಗೆ ಬೇಡ. ಹುಡುಗಿಗೆ ಜಿಗಿತದ ಆಸೆ ಇತ್ತು. ಒಂದು ದಿನ ಯೋಚನೆ ಮಾಡಿ, "ಪರವಾಗಿಲ್ಲ ಸರ್, ಇವನೇ ಇರಲಿ" ಅಂದಳು.

ಮೇವಿನ ಲೆಕ್ಕ

ಈ ಪ್ರಕರಣದಲ್ಲಿ ಅರ್ಧ ಕೆಲಸ ನಡೆದದ್ದು ಬುಟ್ಟಿಯ ಹತ್ತಿರ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮನೆಯವರು ಮೇವಿನ ಬಗ್ಗೆ ಚಿಂತೆಯೇ ಇಲ್ಲ ಅಂದುಕೊಂಡಿದ್ದರು. ಹಸುವಿಗೆ ಹಾಕುವ ಭತ್ತದ ಹುಲ್ಲಿನ ಮೆದೆ ಇದೆ, ಬದುವಿನಲ್ಲಿ ನೇಪಿಯರ್ ಇದೆ, ಅಂಗಡಿಯಲ್ಲಿ ಬೂಸಾ ಸಿಗುತ್ತದೆ, ಕಬ್ಬಿನ ಸೋಗೆಗಂತೂ ಬರವಿಲ್ಲ. ಹಸುವಿಗೆ ಇದೆಲ್ಲ ಸರಿ. ಕುದುರೆಯ ಹೊಟ್ಟೆ ಬೇರೆ. ಅದಕ್ಕೆ ಮೆಲುಕು ಇಲ್ಲ, ವಾಂತಿಯೂ ಆಗುವುದಿಲ್ಲ. ಒಳಗೆ ಹೋದದ್ದು ಕೆಟ್ಟರೆ ಹೊಟ್ಟೆನೋವು ಬಂದೇ ಬರುತ್ತದೆ, ಅದರಿಂದ ಪ್ರಾಣವೂ ಹೋಗಬಹುದು. ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಜಾಸ್ತಿ. ಅದು ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಸೇರದಂತೆ ಮಾಡುತ್ತದೆ. ಬೂಸಾದಲ್ಲಿ ರಂಜಕ ಜಾಸ್ತಿ, ಸುಣ್ಣ ಕಡಿಮೆ. ಎರಡನ್ನೂ ತಿಂಗಳುಗಟ್ಟಲೆ ಹಾಕಿದರೆ ಕುದುರೆ ತನ್ನ ಮೂಳೆಯ ಸುಣ್ಣವನ್ನೇ ಕರಗಿಸಿಕೊಳ್ಳುತ್ತದೆ. ಮುಖದ ಮೂಳೆ ಊದುತ್ತದೆ, ಕುಂಟು ಶುರುವಾಗುತ್ತದೆ. ಮೊದಲೇ ಕಾಲು ಪೆಟ್ಟಾದ ಕುದುರೆಗೆ ಇದು ಬೇಕಾ? ಹಸುವಿನ ಫೀಡಿನ ಚೀಲವನ್ನೂ ದೂರ ಇಡಿಸಿದೆ. ಕೋಳಿ ಆಹಾರದಲ್ಲಿ, ಕೆಲವು ದನದ ಫೀಡಿನಲ್ಲಿ ಮೊನೆನ್ಸಿನ್ ಅನ್ನುವ ಔಷಧ ಸೇರಿಸುತ್ತಾರೆ. ಅದು ಕುದುರೆಯ ಹೃದಯಕ್ಕೆ ವಿಷ.

ಹಾಗಾದರೆ ಏನು ಹಾಕಬೇಕು? ದಿನಕ್ಕೆ ಮೈ ತೂಕದ ನೂರರಲ್ಲಿ ಒಂದೂವರೆಯಿಂದ ಎರಡು ಪಾಲು ಒಣ ಮೇವು ಅನ್ನುವುದು ಲೆಕ್ಕ. ಕೆಂಚ ಸುಮಾರು 430 ಕೆಜಿ ಇದ್ದ. ಅಂದರೆ ಎಂಟು ಕೆಜಿ ಆಸುಪಾಸು. ಒಣಗಿಸಿದ ರೋಡ್ಸ್ ಹುಲ್ಲು ತರಿಸಿದೆವು. ಬದುವಿನ ಗರಿಕೆ ಸೇರಿಸಿದೆವು. ದಿನಕ್ಕೆ ಒಂದೆರಡು ಹಿಡಿಕಟ್ಟು ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್. ಅದರಲ್ಲಿ ಸುಣ್ಣದಂಶ ಚೆನ್ನಾಗಿದೆ, ಹೊಟ್ಟೆಯ ಹುಳಿಯನ್ನೂ ತಗ್ಗಿಸುತ್ತದೆ. ಪಕ್ಕದಲ್ಲಿ ಉಪ್ಪಿನ ಗಡ್ಡೆ. ಬಕೆಟ್‌ನಲ್ಲಿ ಯಾವಾಗಲೂ ನೀರು. ಬಿಸಿಲು ಕಾಲದಲ್ಲಿ ಒಂದು ಕುದುರೆ ದಿನಕ್ಕೆ 40 ಲೀಟರ್ ಕುಡಿದರೂ ಆಶ್ಚರ್ಯವಿಲ್ಲ.

ರೇಸಿನ ಕುದುರೆ ಕಾಳು ತಿಂದು ಬೆಳೆದದ್ದು. ಓಟ್ಸ್ ಜಾಸ್ತಿ, ಹುಲ್ಲು ಕಡಿಮೆ. ಅದನ್ನು ಒಂದೇ ದಿನಕ್ಕೆ ತಿರುಗುಮುರುಗು ಮಾಡಬಾರದು. ಹಾಗಾಗಿ ಹಳೆ ಲಾಯದಿಂದಲೇ ಎರಡು ಮೂಟೆ ಅದೇ ಓಟ್ಸ್ ತಂದು, ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿದೆವು. ಚಾಚಾ ಮಾತ್ರ ಬೇಯಿಸಿದ ಹುರುಳಿ ಕೊಡಲೇಬೇಕು ಅಂತ ಹಟ ಹಿಡಿದರು. "ಗಾಡಿ ಎಳೆದ ಕುದುರೆಗೆಲ್ಲ ಅದೇ ಕೊಟ್ಟಿದ್ದು ಸಾರ್, ಏನೂ ಆಗಿಲ್ಲ." ಒಪ್ಪಿದೆ. ಆದರೆ ಕೆಲಸ ಶುರುವಾದ ಮೇಲೆ, ಎರಡು ಹಿಡಿ ಮಾತ್ರ.

ಬಂದ ಮೇಲಿನ ಮೊದಲ ವಾರಗಳು

ಕೆಂಚನನ್ನು ಗಾಡಿ ಹತ್ತಿಸಿ ಬೆಳಗಿನ ಜಾವ ಬೆಂಗಳೂರು ಬಿಟ್ಟು ಬಿಸಿಲೇರುವ ಹೊತ್ತಿಗೆ ತೋಟ ಸೇರಿದರು. ಗಾಡಿಯಲ್ಲಿ ತಲೆಯನ್ನು ಎತ್ತರಕ್ಕೆ ಬಿಗಿದು ಕಟ್ಟಬೇಡಿ ಅಂತ ಮೊದಲೇ ಹೇಳಿದ್ದೆ. ತಲೆ ಬಗ್ಗಿಸಲು ಆಗದಿದ್ದರೆ ಮೂಗಿನ ದೂಳು, ಕಫ ಕೆಳಗೆ ಇಳಿಯದೆ ಶ್ವಾಸಕೋಶಕ್ಕೆ ಹೋಗುತ್ತದೆ. ದೂರದ ಪ್ರಯಾಣದ ನಂತರ ಕುದುರೆಗೆ ಜ್ವರ ಬರಲು ಇದೂ ಒಂದು ಕಾರಣ. ಮೂರು ದಿನ ಬೆಳಿಗ್ಗೆ ಸಂಜೆ ಜ್ವರ ನೋಡಿ ಬರೆದಿಡಲು ಹುಡುಗಿಗೆ ಹೇಳಿದೆ. 38 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಸರಿ, 38.5 ದಾಟಿದರೆ ವೈದ್ಯರಿಗೆ ಫೋನ್. ದಾಟಲಿಲ್ಲ.

ಹಸುಗಳನ್ನು ಕಂಡು ಕೆಂಚ ಮೊದಲ ದಿನ ಗಡಗಡ ನಡುಗಿದ. ಲಾಯದಲ್ಲಿ ಬರೀ ಕುದುರೆಗಳ ನಡುವೆ ಬೆಳೆದವನು, ಕೊಂಬು ಇರುವ ಪ್ರಾಣಿ ನೋಡಿರಲೇ ಇಲ್ಲವೋ ಏನೋ. ಕುದುರೆ ಒಂಟಿಯಾಗಿ ಇರಲಾರದ ಪ್ರಾಣಿ. ಇನ್ನೊಂದು ಕುದುರೆ ಇಲ್ಲದ ಮನೆಯಲ್ಲಿ ಕಣ್ಣಿಗೆ ಕಾಣುವಂತೆ ಹಸುಗಳಾದರೂ ಇರಲಿ ಅಂತ ನಡುವೆ ಬೇಲಿ ಬಿಟ್ಟು ಕಟ್ಟಿಸಿದೆವು. ನಾಲ್ಕೈದು ದಿನದಲ್ಲಿ ಬೇಲಿಯ ಪಕ್ಕದಲ್ಲೇ ನಿಂತು ಮೇಯಲು ಶುರು ಮಾಡಿದ. ಆದರೆ ತುಂಬಾ ಹತ್ತಿರವೂ ಬೇಡ. ರಕ್ತ ಹೀರುವ ಉಣ್ಣೆ ಹುಳ ಒಂದರಿಂದ ಒಂದಕ್ಕೆ ದಾಟುತ್ತದೆ. ಸರ್ರಾ ರೋಗದ ಪರಾವಲಂಬಿ ಹಸು, ಎಮ್ಮೆಯ ರಕ್ತದಲ್ಲಿ ಏನೂ ತೋರಿಸಿಕೊಳ್ಳದೆ ಇರಬಹುದು. ಕಚ್ಚುವ ದೊಡ್ಡ ನೊಣ ಅದನ್ನು ಕುದುರೆಗೆ ತಂದರೆ ಜ್ವರ ಬಂದು, ರಕ್ತ ಇಳಿದು ಕುದುರೆ ಸೊರಗಿ ಹೋಗುತ್ತದೆ. ಗದ್ದೆ ಬಯಲಿನಲ್ಲಿ ಮಳೆಗಾಲಕ್ಕೆ ಆ ನೊಣ ವಿಪರೀತ. ಸಂಜೆ ಹೊಗೆ ಹಾಕುವುದು, ಲದ್ದಿ ದಿನಾ ಎತ್ತಿ ದೂರದ ತಿಪ್ಪೆಗೆ ಹಾಕುವುದು ಚಾಚಾ ಕೆಲಸವಾಯಿತು.

ಬಂದಾಗಿನಿಂದ ಕೆಂಚ ಮಲಗಿರಲಿಲ್ಲ. ಕುದುರೆ ನಿಂತೇ ತೂಕಡಿಸುತ್ತದೆ ನಿಜ, ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು. ಹೊಸ ಜಾಗದಲ್ಲಿ ಧೈರ್ಯ ಬರುವವರೆಗೆ ಮಲಗುವುದಿಲ್ಲ. ಚಾಚಾ ಬೆಳಿಗ್ಗೆ ಲಾಯಕ್ಕೆ ಹೋದ ತಕ್ಷಣ ಮೊದಲು ನೋಡುತ್ತಿದ್ದುದು ಬಾಲ, ಜೂಲು. ಒಂದು ದಿನ ನನಗೆ ಫೋನ್ ಬಂತು. "ಸಾರ್, ಜೂಲಲ್ಲಿ ಭತ್ತದ ಹೊಟ್ಟು ಸಿಕ್ತು. ಮಲಗಿದ್ದಾನೆ!" ಅವರ ದನಿಯಲ್ಲಿ ಇದ್ದ ಖುಷಿ ಈಗಲೂ ನೆನಪಿದೆ. ನಾನು ಪಾಠ ಶುರು ಮಾಡೋಣ ಅಂತ ನಿರ್ಧಾರ ಮಾಡಿದ್ದು ಆ ಫೋನ್ ಬಂದ ಮೇಲೆ.

ಈ ನಡುವೆ ಅಲ್ಯೂಮಿನಿಯಂ ರೇಸ್ ಲಾಳ ತೆಗೆಸಿ ಗೊರಸು ಕತ್ತರಿಸಿದೆವು. ಹಲ್ಲು ನೋಡಿಸಿದೆವು. ಕುದುರೆಯ ಮೇಲಿನ ದವಡೆ ಅಗಲ, ಕೆಳಗಿನದು ಕಿರಿದು. ಅಗಿದಂತೆಲ್ಲ ಮೇಲಿನ ಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆಗೆ ಕೊರೆಯುತ್ತದೆ. ಕೆಂಚನ ಕೆನ್ನೆಯ ಒಳಗೆ ಎರಡೂ ಕಡೆ ಹುಣ್ಣಾಗಿತ್ತು. ಕಡಿವಾಣ ಎಳೆದಾಗಲೆಲ್ಲ ಆ ಹುಣ್ಣಿನ ಮೇಲೆ ಒತ್ತು ಬಿದ್ದಿರಬೇಕು. ಗಟ್ಟಿ ಬಾಯಿ ಅಂತ ಹೆಸರು ಪಡೆದ ಬಾಯಿಯ ಸ್ಥಿತಿ ಅದು.

ಕಚ್ಚುವ ದೂರಿಗೆ ಉತ್ತರ ಹೊಟ್ಟೆಯಲ್ಲಿ ಸಿಕ್ಕಿತು. ಕುದುರೆಯ ಜಠರ ಹಗಲೂ ರಾತ್ರಿ ಹುಳಿ ಸುರಿಸುತ್ತಲೇ ಇರುತ್ತದೆ, ಹುಲ್ಲು ಅಗಿಯುವಾಗ ಬರುವ ಜೊಲ್ಲೇ ಅದಕ್ಕೆ ಮದ್ದು. ಹುಲ್ಲು ಕಡಿಮೆ, ಕಾಳು ಜಾಸ್ತಿ, ಖಾಲಿ ಹೊಟ್ಟೆಯ ಓಟ ಅಂದರೆ ಹುಣ್ಣಾಗದೆ ಇನ್ನೇನು? ರೇಸಿನಲ್ಲಿರುವ ಕುದುರೆಗಳಲ್ಲಿ ಬಹುಪಾಲಿಗೆ ಈ ಹುಣ್ಣು ಇದ್ದೇ ಇರುತ್ತದೆ. ಪಕ್ಕೆಯನ್ನು ಬೆರಳಿನಿಂದ ಒತ್ತಿದರೂ ಕೆಂಚ ಕಿವಿ ಹಿಂದಕ್ಕೆ ಮಲಗಿಸಿ ತಿರುಗುತ್ತಿದ್ದ, ಜೀನು ಕಣ್ಣಿಗೆ ಬಿದ್ದಿರಲೂ ಇಲ್ಲ. ವೈದ್ಯರು ಹುಳಿ ತಗ್ಗಿಸುವ ಒಮೆಪ್ರಜೋಲ್ ಬರೆದುಕೊಟ್ಟರು, ನಾಲ್ಕು ವಾರ. ಹುಲ್ಲು ಮುಂದೆ ಯಾವಾಗಲೂ ಇರಲಿ ಅಂದರು. ತಿಂಗಳು ಕಳೆಯುವ ಹೊತ್ತಿಗೆ ಮೈ ಮಿಂಚತೊಡಗಿತು, ಪಕ್ಕೆ ಮುಟ್ಟಿದರೆ ತಿರುಗುವುದು ನಿಂತಿತು. ಜೀನನ್ನೂ ಬದಲಾಯಿಸಿದೆವು. ಹುಡುಗಿ ಎರವಲು ತಂದದ್ದು ಹೆಗಲಿನ ಏರಿನ ಹತ್ತಿರ ಚುಚ್ಚುತ್ತಿತ್ತು.

ನೆಲದ ಮೇಲಿನ ಪಾಠ

ಉಳಿದ ಎರಡು ದೂರುಗಳಿಗೆ ಕಾರಣ ನೋವು ಮಾತ್ರ ಅಲ್ಲ, ತರಬೇತಿ. ಮುಖ್ಯ ವಿಷಯ ಇದೇ. ಟ್ರ್ಯಾಕ್‌ನಲ್ಲಿ ಸವಾರ ಲಗಾಮನ್ನು ಗಿಡ್ಡ ಮಾಡಿ ಬಿಗಿಯಾಗಿ ಹಿಡಿದರೆ ಕುದುರೆ ಅದರ ಮೇಲೆ ಭಾರ ಹಾಕಿ ಮುನ್ನುಗ್ಗುತ್ತದೆ. ಆ ಹಿಡಿತ ಸಿಕ್ಕಿತು ಅಂದರೆ ಓಡು ಅಂತ ಅರ್ಥ. ಈಗ ಮನೆಯಲ್ಲಿ ಹೆದರಿದ ಸವಾರ ನಿಲ್ಲಿಸಲು ಅಂತ ಎರಡೂ ಕೈಯಿಂದ ಎಳೆಯುತ್ತಾನೆ. ಕುದುರೆಗೆ ಗೊತ್ತಿರುವುದು ಒಂದೇ. ಓಡುತ್ತದೆ. ಸವಾರ ಇನ್ನೂ ಎಳೆಯುತ್ತಾನೆ, ಅದು ಇನ್ನೂ ಜೋರಾಗಿ ಓಡುತ್ತದೆ. ಹತ್ತುವುದೂ ಹೀಗೇ. ಜಾಕಿಯನ್ನು ಮೊಣಕಾಲು ಹಿಡಿದು ಮೇಲಕ್ಕೆ ಎತ್ತಿ ಕೂರಿಸುತ್ತಾರೆ, ಎಷ್ಟೋ ಸಲ ಕುದುರೆ ನಡೆಯುತ್ತಿರುವಾಗಲೇ. ರಿಕಾಪಿಗೆ ಕಾಲಿಟ್ಟು ಒಂದೇ ಪಕ್ಕಕ್ಕೆ ಜೋತುಬೀಳುವ ಮನುಷ್ಯನನ್ನು ಅದು ಕಂಡೇ ಇರುವುದಿಲ್ಲ. ಜಾಕಿಯ ಮೊಣಕಾಲು ಮೇಲೆ ಮಡಚಿರುವುದರಿಂದ ಪಕ್ಕೆಗೆ ತಾಗುವ ಕಾಲಿನ ಅರ್ಥವೂ ಗೊತ್ತಿರುವುದಿಲ್ಲ. ಕೆಂಚ ಹೇಳಿಕೊಟ್ಟದ್ದನ್ನು ನಿಷ್ಠೆಯಿಂದ ಮಾಡುತ್ತಿದ್ದ. ಅವನನ್ನು ಕೆಟ್ಟವನು ಅಂದವರ ಮೇಲೆ ನನಗೆ ಬೇಸರವಿದೆ.

ದುಂಡಗೆ ಸುತ್ತಿಸುವ ಪಾಠವನ್ನು ನಾವು ಬಿಟ್ಟೇಬಿಟ್ಟೆವು. ಸಣ್ಣ ಸುತ್ತಿನಲ್ಲಿ ಓಡಿಸಿದರೆ ಪೆಟ್ಟಾದ ಟೆಂಡನ್ ಮೇಲೆ ಓರೆ ಭಾರ ಬೀಳುತ್ತದೆ. ಬದಲಿಗೆ ನಾಲೆಯ ಏರಿಯ ಮೇಲೆ ಕೈಯಲ್ಲಿ ಹಿಡಿದು ನೇರ ನಡಿಗೆ. ನಡೆ, ನಿಲ್ಲು, ಎರಡು ಹೆಜ್ಜೆ ಹಿಂದೆ, ಮತ್ತೆ ನಡೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಸಾಕು. ಟ್ರ್ಯಾಕ್ಟರ್, ಕಬ್ಬಿನ ಗಾಡಿ, ಬಟ್ಟೆ ಒಗೆಯುವವರು, ನಾಯಿ, ಎಲ್ಲ ಆ ದಾರಿಯಲ್ಲೇ ಪರಿಚಯವಾದವು. ಕುದುರೆಗೆ ಸುತ್ತಲೂ ಕಾಣುತ್ತದೆ, ನೇರ ಹಿಂದೆ ಮತ್ತು ಹಣೆಯ ಮುಂದೆ ಮಾತ್ರ ಕಾಣುವುದಿಲ್ಲ. ಹಾಗಾಗಿ ಹಿಂದಿನಿಂದ ಬೈಕ್ ಬಂದರೆ ನಿಲ್ಲಿಸಿ, ಅದನ್ನು ನೋಡುವಂತೆ ತಿರುಗಿಸಿ, ಹೋದ ಮೇಲೆ ಮುಂದೆ ನಡೆಸುವುದು. ಹುಡುಗಿ ಇದನ್ನು ಬೇಗ ಕಲಿತಳು.

ಲಗಾಮಿನ ಪಾಠ ಹೀಗೆ ನಡೆಯಿತು. ಕೆನ್ನೆಯ ಹುಣ್ಣು ಮಾಗಿದ ಮೇಲೆ ಮೆತ್ತನೆಯ ಕಡಿವಾಣ ಹಾಕಿ, ಹುಡುಗಿಯನ್ನು ಅವನ ಹೆಗಲ ಪಕ್ಕ ನಿಲ್ಲಿಸಿದೆ. ಒಂದೇ ಲಗಾಮು, ಎರಡು ಬೆರಳು. ಎಳೆಯುವುದಲ್ಲ, ಸಡಿಲ ತೆಗೆದು ಸುಮ್ನೆ ಹಿಡಿದುಕೊಳ್ಳುವುದು. ಕೆಂಚ ಮೊದಲು ಮೂಗು ಮುಂದಕ್ಕೆ ಚಾಚಿ ಭಾರ ಹಾಕಿದ. ಬೆರಳು ಅಲ್ಲೇ ಇತ್ತು, ಜಾಸ್ತಿಯೂ ಇಲ್ಲ ಕಡಿಮೆಯೂ ಇಲ್ಲ. ತಲೆ ಎತ್ತಿದ. ಹಾಗೇ ಇತ್ತು. ಒಂದು ಹೆಜ್ಜೆ ಮುಂದೆ ಹಾಕಿದ, ಅವಳೂ ಜೊತೆಗೆ ಹಾಕಿದಳು. ಕೊನೆಗೆ ಯಾಕೋ ಗಲ್ಲ ಒಂಚೂರು ಒಳಕ್ಕೆ ತಂದ, ಒಂದು ಬೆರಳಿನಷ್ಟು. "ಬಿಡು!" ಅಂದೆ. ಅವಳು ಆ ಕ್ಷಣವೇ ಬಿಟ್ಟಳು. ಕೆಂಚ ನಿಂತ, ತುಟಿ ಚಪ್ಪರಿಸಿದ, ನಾಲಿಗೆ ಹೊರಗೆ ಹಾಕಿ ನೆಕ್ಕಿಕೊಂಡ. ಅವನು ಕಲಿತದ್ದು ಹಿಡಿದದ್ದರಿಂದ ಅಲ್ಲ, ಬಿಟ್ಟದ್ದರಿಂದ. ಬಿಡುವುದು ಎರಡು ಸೆಕೆಂಡ್ ತಡವಾದರೆ ಕುದುರೆ ಬೇರೆ ಏನನ್ನೋ ಕಲಿಯುತ್ತದೆ. ಅದಕ್ಕೇ ಕೈ ಹುಷಾರಾಗಿರುವವರು ಇದನ್ನು ಮಾಡಬೇಕು, ಜೋರು ಇರುವವರಲ್ಲ.

ನಿಲ್ಲಲು ಲಗಾಮಿಗಿಂತ ಮೊದಲು ದನಿ ಕಲಿಸಿದೆವು. ಚಾಚಾ ಹೇಳುವ "ಹೋ... ಹೋ" ಎಳೆದ ದನಿಗೆ ಅವನು ಅಷ್ಟು ಹೊತ್ತಿಗೆ ಒಗ್ಗಿಕೊಂಡಿದ್ದ, ಅದನ್ನೇ ಇಟ್ಟುಕೊಂಡೆವು.

ಬೆನ್ನೇರಿದ ಮೇಲೆ

ಹತ್ತುವ ಪಾಠಕ್ಕೆ ಒಂದು ಮರದ ಪೆಟ್ಟಿಗೆ ಮಾಡಿಸಿದರು. ಮೊದಲು ಬರೀ ಪೆಟ್ಟಿಗೆಯ ಪಕ್ಕ ನಿಲ್ಲುವುದು. ಆಮೇಲೆ ಹುಡುಗಿ ಪೆಟ್ಟಿಗೆ ಹತ್ತಿ ಇಳಿಯುವುದು, ಜೀನಿನ ಮೇಲೆ ಕೈ ಒತ್ತುವುದು, ಜೀನಿಗೆ ಹೊಟ್ಟೆ ಊರಿ ಅಡ್ಡ ಮಲಗುವುದು. ಅವನು ಸರಿದರೆ ಬೈಗುಳವಿಲ್ಲ, ಮತ್ತೆ ಪೆಟ್ಟಿಗೆಯ ಪಕ್ಕಕ್ಕೆ ತಂದು ನಿಲ್ಲಿಸುವುದು. ನಿಂತರೆ ವಿಶ್ರಾಂತಿ. ಅವಸರ ಮಾಡದ್ದರಿಂದ ಇದು ಬೇಗ ಮುಗಿಯಿತು. ಹೆಲ್ಮೆಟ್ ಇಲ್ಲದೆ ಪೆಟ್ಟಿಗೆಯನ್ನೂ ಹತ್ತುವಂತಿಲ್ಲ ಅನ್ನುವುದು ನನ್ನ ನಿಯಮ.

ಬೆನ್ನ ಮೇಲಿನ ನಡಿಗೆ ಶುರುವಾದ ಕೆಲವು ದಿನಕ್ಕೆ ಪರೀಕ್ಷೆ ಬಂತು. ಏರಿಯ ಮೇಲೆ ಹೋಗುವಾಗ ಕಬ್ಬಿನ ಗದ್ದೆಯಿಂದ ಕಾಡುಹಂದಿ ನುಗ್ಗಿತು. ಕೆಂಚ ಚಿಮ್ಮಿದ. ಹುಡುಗಿ ಎರಡೂ ಲಗಾಮು ಎಳೆಯಲಿಲ್ಲ. ಒಂದನ್ನು ಸಡಿಲ ಬಿಟ್ಟು, ಇನ್ನೊಂದರಿಂದ ಮೂಗನ್ನು ನಿಧಾನವಾಗಿ ತನ್ನ ಮೊಣಕಾಲಿನ ಕಡೆ ತಂದು "ಹೋ" ಅಂದಳು. ಮೂಗು ತಿರುಗಿದಾಗ ಹಿಂಗಾಲು ಪಕ್ಕಕ್ಕೆ ಸರಿಯುತ್ತದೆ, ನೇರ ಓಟದ ಬಲ ಒಡೆಯುತ್ತದೆ. ಹತ್ತು ಹದಿನೈದು ಹೆಜ್ಜೆಯಲ್ಲಿ ನಿಂತ. ನಾನು ಹಿಂದೆ ಸೈಕಲ್‌ನಲ್ಲಿ ಬರುತ್ತಿದ್ದೆ. ಈ ಒಂದು ಲಗಾಮಿನ ಪಾಠವನ್ನು ನಡಿಗೆಯಲ್ಲೇ ಬೇಸರ ಬರುವಷ್ಟು ಮಾಡಿಸಿದ್ದು ಇಂಥ ದಿನಕ್ಕೆ. ಜೋರು ಓಟದಲ್ಲಿ ಹೊಸದಾಗಿ ಮಾಡಹೋದರೆ ಕುದುರೆಯೇ ಬೀಳುತ್ತದೆ.

ಸದ್ಯದ ಸ್ಥಿತಿ ಹೇಳುತ್ತೇನೆ. ನಡಿಗೆ, ಟ್ರಾಟ್ ಎರಡೂ ಸಡಿಲ ಲಗಾಮಿನಲ್ಲಿ ನಡೆಯುತ್ತಿವೆ. ಕ್ಯಾಂಟರ್ ಏರಿಯ ಮೇಲೆ ನೇರ ದಾರಿಯಲ್ಲಿ ಮಾತ್ರ, ಸ್ವಲ್ಪ ದೂರ. ಕ್ಯಾಂಟರ್ ನಂತರ ಇನ್ನೂ ಕೆಲವೊಮ್ಮೆ ಓಡುವ ಹುಮ್ಮಸ್ಸು ಏರುತ್ತದೆ, ಆಗ ಇಳಿದು ನಡೆಸುತ್ತಾರೆ. ಪ್ರತಿ ಸವಾರಿಯ ನಂತರ ಎಡ ಮುಂಗಾಲನ್ನು ಅಂಗೈಯಿಂದ ಮೇಲಿಂದ ಕೆಳಕ್ಕೆ ಸವರಿ ಬಿಸಿ, ಊತ ನೋಡುವುದು ತಪ್ಪಿಲ್ಲ. ಚಾಚಾ ಅದನ್ನು ಮನೆಯ ಯಜಮಾನರಿಗೂ ಕಲಿಸಿದ್ದಾರೆ. ಪಟ್ಟಿ ಬಿಗಿಯುವಾಗ ಕಿವಿ ಒಂಚೂರು ಹಿಂದೆ ಹೋಗುತ್ತದೆ, ಕಚ್ಚಲು ಬರುವುದಿಲ್ಲ. ಮೂರು ಸಲಕ್ಕೆ ಸ್ವಲ್ಪ ಸ್ವಲ್ಪ ಬಿಗಿಯುತ್ತಾರೆ.

ಬಾಕಿ ಇರುವುದು ಎರಡು. ಹುಡುಗಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುವ ಹಾಗಿದೆ, ಆಮೇಲೆ ಕೆಂಚನ ಗತಿ ಏನು ಅಂತ ಅವಳಿಗೆ ಚಿಂತೆ. ಬೇರೆಯವರಿಗೆ ಕೊಟ್ಟುಬಿಡುವ ಮಾತು ಬೇಡ ಅಂತ ನಾನು ಹೇಳಿದ್ದೇನೆ. ದಿನಾ ಸವಾರಿ ಆಗಲೇಬೇಕು ಅಂತೇನಿಲ್ಲ. ಹುಲ್ಲು, ಜೊತೆಗೆ ಹಸುಗಳು, ಬೆಳಿಗ್ಗೆ ಚಾಚಾ ಜೊತೆ ಏರಿಯ ಮೇಲೆ ನಡಿಗೆ, ಅವಳು ರಜೆಗೆ ಬಂದಾಗ ಸವಾರಿ. ಈ ಕಾಲಿಗೆ ಅಷ್ಟು ಧಾರಾಳ. ಇನ್ನೊಂದು, ಗಾಡಿ ಹತ್ತುವ ಪಾಠ. ಬಂದ ದಿನದಿಂದ ಅವನು ಗಾಡಿ ಹತ್ತಿಲ್ಲ. ರಾತ್ರೋರಾತ್ರಿ ಆಸ್ಪತ್ರೆಗೆ ಒಯ್ಯಬೇಕಾದರೆ ಆಗ ಕಲಿಸಲು ಆಗುವುದಿಲ್ಲ ಅಲ್ವಾ? ಮಳೆ ನಿಂತ ಮೇಲೆ ಪಕ್ಕದ ಊರಿನವರ ಗಾಡಿಯನ್ನು ಒಂದು ವಾರ ತೋಟದಲ್ಲೇ ನಿಲ್ಲಿಸಿಕೊಂಡು, ಅದರೊಳಗೇ ಮೇವು ಹಾಕಿ ಶುರು ಮಾಡುತ್ತೇವೆ.